ಡಿಎಲ್‌ಸಿನಾ, ಮಾಡಾ? ಯೂರೋ ಟ್ರಕ್ ಸಿಮ್ಯುಲೇಟರ್ 2 ಹೊಸದಾಗಿ ತಗೊಂಡವರಿಗೆ

"ಪ್ರೊಮಾಡ್ಸ್ ಮ್ಯಾಪ್ ಪುಕ್ಕಟೆ ಸಿಗುವಾಗ ಡಿಎಲ್‌ಸಿಗೆ ಯಾಕೆ ದುಡ್ಡು ಹಾಕಬೇಕು ಅಣ್ಣಾ?" ಅಂತ ಕೇಳಿದ್ದೀರಿ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ತೀರಾ ಹೊಸಬರಿಗೆ: ಇದು ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಕಂಪ್ಯೂಟರ್ ಆಟ. ಡಿಎಲ್‌ಸಿ ಅಂದರೆ ಆಟಕ್ಕೆ ಕಂಪನಿಯೇ ಮಾರುವ ಹೆಚ್ಚುವರಿ ಭಾಗ. ಮಾಡ್ ಅಂದರೆ ಅಭಿಮಾನಿಗಳು ಮಾಡಿಕೊಡುವ ಸೇರ್ಪಡೆ, ಪ್ರೊಮಾಡ್ಸ್ ಅಂಥದ್ದೊಂದು ದೊಡ್ಡ ಮ್ಯಾಪ್ ಮಾಡ್. ನಾನು ಈ ಆಟ ಆಡಲು ಶುರು ಮಾಡಿ ಒಂಬತ್ತು ವರ್ಷ ಆಯ್ತು. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಪ್ರೊಮಾಡ್ಸ್ ಡಿಎಲ್‌ಸಿಗೆ ಬದಲಿ ಅಲ್ಲ. ಅದು ಡಿಎಲ್‌ಸಿಗಳ ಮೇಲೆಯೇ ಕಟ್ಟಿದ ಮಹಡಿ. ಸ್ಕ್ಯಾಂಡಿನೇವಿಯಾ, ಇಟಾಲಿಯಾ, ಸ್ಪೇನ್-ಪೋರ್ಚುಗಲ್ ಇರುವ ಐಬೀರಿಯಾದಂಥ ಮ್ಯಾಪ್ ಡಿಎಲ್‌ಸಿಗಳು ನಿಮ್ಮ ಹತ್ತಿರ ಇದ್ದರೆ ಮಾತ್ರ ಅದು ನಡೆಯುತ್ತದೆ. ಯಾವ್ಯಾವುದು ಬೇಕು ಅನ್ನುವ ಪಟ್ಟಿ ಅವರ ಸೈಟಿನಲ್ಲೇ ಇದೆ. ಬರೀ ಮೂಲ ಆಟ ಇಟ್ಟುಕೊಂಡು ಅದನ್ನು ಇಳಿಸಿಕೊಂಡರೆ ಡೇಟಾ ಖರ್ಚಾಗುತ್ತದೆ ಅಷ್ಟೇ. ಪುಕ್ಕಟೆಯಾಗಿ ಇಳಿಸುವುದಾದರೆ ಹಲವು ತುಂಡುಗಳಲ್ಲಿ ಇಳಿಸಬೇಕು. ಒಂದೇ ಫೈಲಾಗಿ ಬೇಗ ಬೇಕು ಅಂದರೆ ಸಣ್ಣ ಮೊತ್ತ ಕೇಳುತ್ತಾರೆ.

ಹಾಗಾದರೆ ಡಿಎಲ್‌ಸಿಗೆ ಕೊಡುವ ದುಡ್ಡಿನಲ್ಲಿ ಏನು ಸಿಗುತ್ತದೆ? ರಸ್ತೆ, ಊರು ಅಂತೂ ಸಿಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಮುಂದಿನ ಅಪ್‌ಡೇಟ್ ಬಂದ ದಿನವೂ ಅದು ನಡೆಯುತ್ತದೆ ಅನ್ನುವ ಭರವಸೆ. ಈ ಆಟ ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್‌ನವರು ಇವತ್ತಿಗೂ ಅದೇ ಆಟಕ್ಕೆ ಅಪ್‌ಡೇಟ್ ಕೊಡುತ್ತಿದ್ದಾರೆ. ಆಟದಲ್ಲಿದ್ದ ಹಳೆಯ ಜರ್ಮನಿ ಮ್ಯಾಪನ್ನು ಹಂತಹಂತವಾಗಿ ಹೊಸದಾಗಿ ಕಟ್ಟಿ, ಮೂಲ ಆಟ ಇದ್ದವರಿಗೆಲ್ಲ ಪುಕ್ಕಟೆ ಕೊಟ್ಟರು. ಆ ಕೆಲಸಕ್ಕೆ ಸಂಬಳ ಎಲ್ಲಿಂದ ಬರಬೇಕು? ನಾವು ಕೊಳ್ಳುವ ಡಿಎಲ್‌ಸಿಯಿಂದಲೂ ಬರುತ್ತದೆ, ಅಲ್ವಾ?

ಮಾಡ್ ವಿಷಯದಲ್ಲಿ ಆ ಭರವಸೆ ಇರುವುದಿಲ್ಲ. ಅದನ್ನು ಮಾಡುವವರಿಗೆ ಬೇರೆ ನೌಕರಿ ಇರುತ್ತದೆ, ಪರೀಕ್ಷೆ ಇರುತ್ತದೆ, ಮನೆ ಇರುತ್ತದೆ. ಆಟದ ವರ್ಶನ್ ಬದಲಾದರೆ ಮ್ಯಾಪ್ ಮಾಡ್ ಅನ್ನು ಅದಕ್ಕೆ ಹೊಂದಿಸಲು ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ನಾವು ಕಾಯಬೇಕು. "ಇನ್ನೂ ಯಾಕೆ ಅಪ್‌ಡೇಟ್ ಬಂದಿಲ್ಲ" ಅಂತ ಕಾಮೆಂಟಿನಲ್ಲಿ ಜಗಳ ತೆಗೆಯುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಕಳೆದ ವರ್ಷ ಒಂದು ಬಸ್ ಮಾಡ್‌ಗೆ ನಾನೇ ಒಂದು ಸ್ಕಿನ್, ಅಂದರೆ ಗಾಡಿಯ ಹೊರಮೈಯ ಬಣ್ಣ-ಚಿತ್ರ, ಮಾಡಿದೆ. ನಮ್ಮ ಕೆಂಪು ಸಾರಿಗೆ ಬಸ್ಸಿನ ಬಣ್ಣ, ಮುಂದೆ "ಹುಬ್ಬಳ್ಳಿ – ಶಿರಸಿ" ಅಂತ ಬೋರ್ಡು. ಅಷ್ಟೇ ಕೆಲಸ. ಮೊದಲ ದಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಬಂತು. ಎರಡನೇ ದಿನ "ಬ್ಬ"ದ ಒತ್ತು ಬಂಪರಿನ ಗೆರೆಯ ಕೆಳಗೆ ಹೋಗಿ ಕೂತಿತು. ಚಿತ್ರ ಸರಿ ಮಾಡು, ಅದನ್ನು ಆಟ ಓದುವ ಡಿಡಿಎಸ್ ಫೈಲ್ ಮಾಡು, ಪ್ಯಾಕ್ ಮಾಡು, ಆಟ ತೆರೆದು ನೋಡು, ಮತ್ತೆ ಮುಚ್ಚು. ಮೂರು ರಾತ್ರಿ ಹೋಯಿತು. ನಾಲ್ಕನೇ ದಿನ ಆ ಬಸ್ಸು ಗ್ಯಾರೇಜಿನಿಂದ ಈಚೆ ಬಂದು, ಬೋರ್ಡಿನ ಮೇಲೆ ಬಿಸಿಲು ಬಿದ್ದಾಗ ಆದ ಖುಷಿಯನ್ನು ಯಾವ ಅಂಗಡಿಯೂ ಮಾರಲಾರದು. ಒಂದು ಬೋರ್ಡಿಗೇ ಮೂರು ರಾತ್ರಿ ಆದರೆ, ಪ್ರೊಮಾಡ್ಸ್‌ನಲ್ಲಿ ಐಸ್‌ಲ್ಯಾಂಡನ್ನೇ ಕಟ್ಟಿದವರ ಶ್ರಮ ಎಷ್ಟಿರಬೇಕು?

ಮಾಡ್‌ಗಳ ಬೆಲೆ ಇರುವುದೇ ಇಲ್ಲಿ. ಕಂಪನಿ ಮಾರಾಟ ನೋಡಬೇಕು, ಲೈಸೆನ್ಸ್ ನೋಡಬೇಕು. ಆಟ ಬಂದ ಹೊಸತರಲ್ಲಿ ಮರ್ಸಿಡಿಸ್ ಲಾರಿಗೆ ಆ ಹೆಸರೇ ಇರಲಿಲ್ಲ, "ಮೆಜೆಸ್ಟಿಕ್" ಅಂತ ಇತ್ತು. ನಿಜವಾದ ಹೆಸರು, ಲಾಂಛನ ಬೇಕಾದವರು ಮಾಡ್ ಹಾಕಿಕೊಳ್ಳುತ್ತಿದ್ದರು. ಹಾರ್ಟ್ ಆಫ್ ರಷ್ಯಾ ಅನ್ನುವ ಡಿಎಲ್‌ಸಿಯನ್ನು ಉಕ್ರೇನ್ ಯುದ್ಧದ ಕಾರಣಕ್ಕೆ 2022ರಲ್ಲಿ ಎಸ್‌ಸಿಎಸ್‌ನವರೇ ತಡೆಹಿಡಿದರು. ನಮ್ಮ ರಸ್ತೆಯ ವಿಷಯವೂ ಹಾಗೇ, ಕಂಪನಿ ಮಾಡಿಕೊಟ್ಟಿಲ್ಲ. ನಮ್ಮ ಲಾರಿ, ನಮ್ಮ ಬಸ್ಸು, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಬರೆದ "ಸೌಂಡ್ ಹಾರ್ನ್" ಎಲ್ಲ ಮಾಡಿಕೊಟ್ಟದ್ದು ನಮ್ಮವರೇ. ಫೋನಿನಲ್ಲಿ ಆಡುವವರಿಗೆ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಗೊತ್ತಲ್ಲ, ಅದರಲ್ಲೂ ಇದೇ ಕಥೆ. ಆಟ ಇಂಡೋನೇಷ್ಯಾದ್ದು, ಅದಕ್ಕೆ ಕೆಎಸ್‌ಆರ್‌ಟಿಸಿ ಬಣ್ಣ ಹಚ್ಚಿದವರು ಅಭಿಮಾನಿಗಳು.

ಫೋನ್ ಅಂದಾಗ ನೆನಪಾಯಿತು. "ಮಾಡ್ ಎಪಿಕೆ" ಅಂತ ಹಂಚುತ್ತಾರಲ್ಲ, ಲೆಕ್ಕವಿಲ್ಲದಷ್ಟು ಕಾಯಿನ್, ಎಲ್ಲ ಅನ್‌ಲಾಕ್ ಅಂತ, ಅದು ನಾವು ಮಾತಾಡುತ್ತಿರುವ ಮಾಡ್ ಅಲ್ಲ. ಅದು ಆಟವನ್ನೇ ಒಡೆದು ಕೊಡುವುದು. ಡಿಎಲ್‌ಸಿ ಫೈಲನ್ನು ಕದ್ದು "ಫ್ರೀ ಮ್ಯಾಪ್" ಅಂತ ಕೊಡುವುದೂ ಅಷ್ಟೇ, ಕಳ್ಳತನ. ದಯವಿಟ್ಟು ಈ ಗುಂಪಿನಲ್ಲಿ ಅಂಥ ಲಿಂಕ್ ಹಾಕಬೇಡಿ.

ಮಾಡ್‌ಗೆ ದುಡ್ಡು ಕೇಳುವುದು ತಪ್ಪಾ ಅಂತಲೂ ಕೆಳಗೆ ಒಬ್ಬರು ಕೇಳಿದ್ದಾರೆ. 2015ರ ಏಪ್ರಿಲ್‌ನಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನು ಸ್ಟೀಮ್‌ನಲ್ಲಿ ಮಾರಲು ಬಿಟ್ಟರು. ಮಾಡ್ ಮಾಡಿದವರಿಗೆ ಸಿಗುತ್ತಿದ್ದದ್ದು ನೂರಕ್ಕೆ 25 ಮಾತ್ರ. ಆಟಗಾರರು ಎಷ್ಟು ಗಲಾಟೆ ಮಾಡಿದರು ಅಂದರೆ ಕೆಲವೇ ದಿನಗಳಲ್ಲಿ ವಾಪಸ್ ತೆಗೆದರು. ನನ್ನ ಅಭಿಪ್ರಾಯ ಇಷ್ಟು: ಇಷ್ಟವಾದರೆ ಕೊಡಿ ಅಂತ ಕೇಳಿದರೆ ಖಂಡಿತ ಕೊಡಿ, ನಾನೂ ಕೊಡುತ್ತೇನೆ. ಬೇರೆಯವರ ಮಾಡೆಲ್ ಎತ್ತಿ, ಪಾಸ್‌ವರ್ಡ್ ಹಾಕಿ ಮಾರುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಈಗ ನೀವು ಏನು ಮಾಡಬೇಕು ಅಂತ ಹೇಳುತ್ತೇನೆ. ಮೂಲ ಆಟವನ್ನೇ ಒಂದು ತಿಂಗಳು ಆಡಿ. ಆಮೇಲೆ ಬೇಸಿಗೆ ಸೇಲೋ ಚಳಿಗಾಲದ ಸೇಲೋ ಬಂದಾಗ ಒಂದೇ ಒಂದು ಮ್ಯಾಪ್ ತಗೊಳ್ಳಿ. ನಾನಾದರೆ ಸ್ಕ್ಯಾಂಡಿನೇವಿಯಾ ಅನ್ನುತ್ತೇನೆ. 2015ರದ್ದು, ಹಳೆಯದು, ಆದರೂ ನಾರ್ವೆಯ ಬೆರ್ಗೆನ್ ಕಡೆ ರಾತ್ರಿ ಓಡಿಸಿದರೆ ನಮ್ಮ ಘಟ್ಟದ ರಸ್ತೆ ನೆನಪಾಗುತ್ತದೆ. ಬಿಸಿಲು, ಗುಡ್ಡ, ಇನ್ನೂ ಹೊಸದಾಗಿ ಕಟ್ಟಿದ ಮ್ಯಾಪ್ ಬೇಕು ಅಂದರೆ 2021ರ ಐಬೀರಿಯಾ. ಒಂದೇ ಸಲ ಎಲ್ಲ ಕೊಳ್ಳಬೇಡಿ. ಪ್ರೊಮಾಡ್ಸ್‌ಗೆ ಬೇಕಾದಷ್ಟು ಡಿಎಲ್‌ಸಿ ಸೇರಲು ಒಂದೆರಡು ವರ್ಷ ಆಗಬಹುದು, ಆಗಲಿ.

ಅಲ್ಲಿಯವರೆಗೆ ಲಾರಿ, ಸ್ಕಿನ್, ಸೌಂಡ್ ಮಾಡ್‌ಗಳನ್ನು ಸ್ಟೀಮ್‌ನಲ್ಲೇ ಮಾಡ್ ಸಿಗುವ ವರ್ಕ್‌ಶಾಪ್ ವಿಭಾಗದಿಂದಲೇ ಹಾಕಿಕೊಳ್ಳಿ. ಹೊರಗಿಂದ ತಂದರೆ ಫೈಲ್ ನೋಡಿ. ಈ ಆಟದ ಮಾಡ್ .scs ಇಲ್ಲವೇ .zip ಅಂತ ಕೊನೆಯಾಗುವ ಫೈಲ್ ಆಗಿರುತ್ತದೆ, ಡಾಕ್ಯುಮೆಂಟ್ಸ್ ಒಳಗೆ ಆಟದ ಮಾಡ್ ಫೋಲ್ಡರಿಗೆ ಹಾಕಿದರೆ ಸಾಕು. "ಈ ಎಕ್ಸ್‌ಇ ಓಡಿಸಿ" ಅಂದರೆ ಅಲ್ಲೇ ಡಿಲೀಟ್ ಮಾಡಿ, ಅದು ಮಾಡ್ ಅಲ್ಲ, ಬೇರೆ ಪ್ರೋಗ್ರಾಂ. ಆಟದೊಳಗಿನ ಮಾಡ್ ಮ್ಯಾನೇಜರ್ ಪಟ್ಟಿಯಲ್ಲಿ ಮೇಲಿರುವ ಮಾಡ್ ಕೆಳಗಿನದನ್ನು ಮೀರುತ್ತದೆ. ಹಾಗಾಗಿ ಮಾಡಿದವರು ಯಾವ ಕ್ರಮ ಹೇಳಿದ್ದಾರೋ ಅದೇ ಕ್ರಮದಲ್ಲಿ ಇಡಿ. ಆಟ ನಿಂತುಹೋದರೆ ಅದೇ ಆಟದ ಫೋಲ್ಡರಿನಲ್ಲಿ ಗೇಮ್ ಲಾಗ್ ಫೈಲ್ ಇರುತ್ತದೆ. ಅದರ ಕೊನೆಯ ಸಾಲುಗಳಲ್ಲಿ ಎರರ್ ಅಂತ ಹುಡುಕಿ. ಎಷ್ಟೋ ಸಲ ತೊಂದರೆ ಕೊಟ್ಟ ಮಾಡ್‌ನ ಹೆಸರು ಅಲ್ಲೇ ಇರುತ್ತದೆ.

ಬ್ಯಾಕಪ್ ಮಾತ್ರ ಮರೆಯಬೇಡಿ. ಯಾವುದೋ ಸೈಟಿನ ಲಾರಿ ಮಾಡ್ ಹಾಕಿ ನನ್ನ ಒಂದು ಪ್ರೊಫೈಲ್, ಅಂದರೆ ಉಳಿಸಿಟ್ಟ ಆಟ, ತೆರೆಯದೇ ಹೋಯಿತು. ಹನ್ನೆರಡು ಗ್ಯಾರೇಜ್, ಎಂಟು ತಿಂಗಳ ಆಟ, ಎಲ್ಲ ಹೋಯಿತು. ಅದಕ್ಕೇ ಮಾಡ್‌ಗೆ ಬೇರೆ ಪ್ರೊಫೈಲ್ ಮಾಡಿ, ಅದಕ್ಕೆ ಸ್ಟೀಮ್ ಕ್ಲೌಡ್ (ಆನ್‌ಲೈನಿನಲ್ಲಿ ಉಳಿಸುವುದು) ಟಿಕ್ ತೆಗೆಯಿರಿ. ಆಗ ಅದು ಡಾಕ್ಯುಮೆಂಟ್ಸ್‌ನ ಆಟದ ಫೋಲ್ಡರಿನಲ್ಲಿ ಪ್ರೊಫೈಲ್ಸ್ ಒಳಗೆ ಇರುತ್ತದೆ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಹೊಸ ಅಪ್‌ಡೇಟ್ ಬಂದು ಮಾಡ್ ಕೆಟ್ಟರೆ, ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಬೀಟಾ ವಿಭಾಗದಲ್ಲಿ ಹಳೆಯ ವರ್ಶನ್ ಆರಿಸಿಕೊಳ್ಳಬಹುದು.

ನಿಮ್ಮ ಹತ್ತಿರ ಈಗ ಯಾವ ವರ್ಶನ್ ಇದೆ, ಯಾವ ಡಿಎಲ್‌ಸಿ ಇದೆ ಅಂತ ಇಲ್ಲೇ ಹಾಕಿ. ಯಾವ ಮಾಡ್ ಹೊಂದುತ್ತದೆ ಅಂತ ನಾನು ನೋಡಿ ಹೇಳುತ್ತೇನೆ. ಹುಬ್ಬಳ್ಳಿ – ಶಿರಸಿ ಬೋರ್ಡಿನ ಫೈಲ್ ಬೇಕಾದರೂ ಕೇಳಿ, ಕಳಿಸುತ್ತೇನೆ.