ಮೇಷ್ಟ್ರಲ್ಲದವರು ಊರಿನ ಮಕ್ಕಳಿಗೆ ಏನು ಮಾಡಬಹುದು?

ನೀವು ಕಂಪನಿ ಕೆಲಸದಲ್ಲಿದ್ದೀರಿ, ವಾರಕ್ಕೊಮ್ಮೆ ಊರಿನ ಸರ್ಕಾರಿ ಶಾಲೆ ಮಕ್ಕಳ ಜೊತೆ ಕೂರಬೇಕು ಅನ್ನಿಸಿದೆ, ಆದರೆ ಪಾಠ ಹೇಳಿ ಅಭ್ಯಾಸವಿಲ್ಲ, ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಪಾಠ ಹೇಳಲು ಶಾಲೆ ಇದೆ. ಮನೆಯಲ್ಲಿ ಯಾರೂ ಹೈಸ್ಕೂಲು ದಾಟಿಲ್ಲ ಅಂದರೆ, ಮುಂದೆ ಯಾವ ದಾರಿ ಇದೆ, ಯಾವಾಗ ಯಾವ ಅರ್ಜಿ ಹಾಕಬೇಕು ಅಂತ ಆ ಮಗುವಿಗೆ ಹೇಳುವವರು ಇರುವುದಿಲ್ಲ. ಆ ಜಾಗದಲ್ಲಿ ನಿಮ್ಮ ಅಗತ್ಯ ಇದೆ.

ನಾನು ಶನಿವಾರ ಸಂಜೆ ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳ ಜೊತೆ ಕೂರುತ್ತೇನೆ. ಒಂದು ಉದಾಹರಣೆ ಹೇಳುತ್ತೇನೆ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಬರೆಯಬಹುದು. ಮನೆಯ ವರ್ಷದ ಆದಾಯ 3.5 ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸ್ಕಾಲರ್‌ಶಿಪ್ ಸಿಗುತ್ತದೆ. ಕೂಲಿಗೆ ಹೋಗುವ ಮನೆಯಲ್ಲಿ ಹೆಣ್ಣುಮಗಳ ಓದು ನಿಲ್ಲದಿರಲು ಈ ದುಡ್ಡು ದೊಡ್ಡ ಆಸರೆ. ಇದರಲ್ಲಿ ಒಂದು ಪೇಪರ್ ಪೂರ್ತಿ ಬುದ್ಧಿಶಕ್ತಿಯ ಪ್ರಶ್ನೆಗಳು: ಸಂಖ್ಯೆಗಳ ಸಾಲು, ದಿಕ್ಕು, ಗುಂಪಿಗೆ ಸೇರದ ಪದ. ಪಠ್ಯಪುಸ್ತಕದಲ್ಲಿ ಇವು ಸಿಗುವುದಿಲ್ಲ. ಮಕ್ಕಳು ಇವನ್ನು ಆಟದ ಹಾಗೆ ಬಿಡಿಸುತ್ತಾರೆ, ಜಗಳವಾಡಿಕೊಂಡು ಉತ್ತರ ಹುಡುಕುತ್ತಾರೆ. ಜೊತೆಗೆ ಕೂರಲು ನೀವು ಮೇಷ್ಟ್ರೇ ಆಗಿರಬೇಕಿಲ್ಲ, ಅಲ್ವಾ?

ಪರೀಕ್ಷೆಗಿಂತ ಕಾಗದಪತ್ರದ ಕಷ್ಟವೇ ಜಾಸ್ತಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇರುತ್ತದೆ. ಸ್ಕಾಲರ್‌ಶಿಪ್ ಸಿಕ್ಕ ಮೇಲೂ ಪ್ರತಿ ವರ್ಷ ಆನ್‌ಲೈನ್‌ನಲ್ಲಿ ನವೀಕರಿಸಬೇಕು. ಒಂದು ದಿನದ ಕೂಲಿ ಬಿಟ್ಟು ಅಪ್ಪ ಅಮ್ಮ ಎಷ್ಟು ಸಲ ಅಂತ ಹೋಗುತ್ತಾರೆ? ಏನೇನು ಬೇಕು ಅಂತ ನೀವು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟರೆ ಒಂದೇ ಓಡಾಟದಲ್ಲಿ ಮುಗಿಯಬಹುದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಒಂದೇ ಅಲ್ಲ, ಐಟಿಐ, ಡಿಪ್ಲೊಮಾ ಕೂಡ ಇವೆ ಅನ್ನುವುದನ್ನೂ ಹೀಗೆಯೇ ನೀವು ಹೇಳಿಕೊಡಬಹುದು. ನಿಮ್ಮ ಪರಿಚಯದ ನರ್ಸ್ ಅಥವಾ ಲೈನ್‌ಮನ್ ಒಬ್ಬರನ್ನು ಕರೆತಂದು ಮಾತಾಡಿಸಿ. ಮಕ್ಕಳ ಪ್ರಶ್ನೆ ಮುಗಿಯುವುದೇ ಇಲ್ಲ.

ಕೆಲವು ವಿಷಯದಲ್ಲಿ ಗಟ್ಟಿಯಾಗಿರಿ. ಶಾಲೆಯ ಮುಖ್ಯೋಪಾಧ್ಯಾಯರಿಗೆ, ಅಪ್ಪ ಅಮ್ಮಂದಿರಿಗೆ ಮೊದಲು ಹೇಳಿ. ಎಲ್ಲರಿಗೂ ಕಾಣುವ ಜಾಗದಲ್ಲೇ ಕೂರಿ, ಯಾವ ಮಗುವಿನ ಜೊತೆಯೂ ಒಬ್ಬರೇ ಇರಬೇಡಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಮಗು ಏನಾದರೂ ಹೇಳಿಕೊಳ್ಳಲು ಬಂದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿರಲಿ.

ಬರುತ್ತೇನೆ ಅಂದ ದಿನ ತಪ್ಪದೆ ಬನ್ನಿ. ಆಗದಿದ್ದರೆ ಹಿಂದಿನ ದಿನವೇ ಹೇಳಿ ಕಳಿಸಿ. ನಾಲ್ಕು ವಾರ ಬಂದು ಮಾಯವಾಗುವ ದೊಡ್ಡವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ವಾರಕ್ಕೊಮ್ಮೆ ಕಷ್ಟ ಅನ್ನಿಸಿದರೆ ತಿಂಗಳಿಗೆ ಎರಡು ಸಲ ಅಂತಲೇ ಶುರು ಮಾಡಿ. ಈ ವಾರ ಲೈಬ್ರರಿಗೆ ಹೋಗಿ, ಅಲ್ಲಿನ ಮೇಲ್ವಿಚಾರಕರನ್ನು ಮಾತಾಡಿಸಿ. ಯಾವ ಮಕ್ಕಳು ಯಾವ ಹೊತ್ತಿಗೆ ಬರುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.