ನಿಧಾನದ ಹಾಡಿಗೂ ನಾಲ್ಕು ಪುಟ ಬೇಕು

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸಾಲ್‌ಸ್ಟಿಸ್ ಬ್ಯಾಂಡಿನ ‘ವೈಟ್ ಹಾರ್ಸ್ ಹಿಲ್’ ಆಲ್ಬಮ್ ಬಗ್ಗೆ ನಾಲ್ಕು ಪುಟ ಹೊಗಳಿದ್ದೀರಿ. ಮಗನ ಹತ್ತಿರ ಹಾಕಿಸಿಕೊಂಡು ಕೇಳಿದೆ. ಹೆವಿ ಮೆಟಲ್ ಅನ್ನುವ ಈ ಅಬ್ಬರದ ರಾಕ್ ಸಂಗೀತ ಅಂದ್ರೆ ವೇಗ ಅಲ್ವಾ? ಅರ್ಧಕ್ಕೇ ತೂಕಡಿಕೆ ಬಂತು. ನಾನು ಭೀಮಸೇನ ಜೋಶಿಯವರ ಅಭಿಮಾನಿ. ಆ ಜಾಗದಲ್ಲಿ ನಮ್ಮವರ ಬಗ್ಗೆ ಬರೆಯಬಹುದಿತ್ತಲ್ಲ?
— ಧಾರವಾಡದ ಓದುಗರು

ಸಂಪಾದಕರ ಉತ್ತರ:

ಮೊದಲಿಗೆ, ಲೇಖನ ಓದಿ ಆಲ್ಬಮ್ಮನ್ನೂ ಹುಡುಕಿ ಕೇಳಿದಿರಲ್ಲ, ಅದಕ್ಕೆ ನಮಸ್ಕಾರ. ಕೇಳದೆಯೇ ಬೈದು ಬರೆಯುವವರು ಜಾಸ್ತಿ.

ವೇಗದ ಮೆಟಲ್‌ಗೆ ಅದರದೇ ಖುಷಿ ಇದೆ, ಒಪ್ಪುತ್ತೇನೆ. 2007ರಲ್ಲಿ ಐರನ್ ಮೇಡನ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅಲ್ಲಿದ್ದವರು ಇವತ್ತಿಗೂ ಆ ಸಂಜೆಯ ಮಾತು ಆಡುತ್ತಾರೆ. ಆದರೆ ಮೆಟಲ್ ಹುಟ್ಟಿದ್ದೇ ವೇಗದಲ್ಲಿ ಅನ್ನುವುದು ಸರಿಯಲ್ಲ.

ಅದು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಕಾರ್ಖಾನೆಗಳ ನಡುವೆ. ಟೋನಿ ಅಯೋಮಿ ಅನ್ನುವ ಹದಿನೇಳರ ಹುಡುಗ ಲೋಹದ ಹಾಳೆ ಕತ್ತರಿಸುವ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಅವನು ಗಿಟಾರನ್ನು ಎಡಗೈಯಲ್ಲಿ ಮೀಟುವವನು. ಹಾಗಾಗಿ ತಂತಿ ಒತ್ತುವ ಕೈಯೇ ಹೋದಂತಾಯಿತು. ಅವನು ಬಿಡಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಇಳಿಸಿದ. ಸಡಿಲಾದ ತಂತಿ ಒತ್ತಲು ಸುಲಭ, ನಾದವೂ ಭಾರ. 1970ರ ಫೆಬ್ರವರಿಯಲ್ಲಿ ಬಂದ, ಅವನ ಬ್ಯಾಂಡ್ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡು ಕೇಳಿ. ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಪಲುಕಿನಲ್ಲಿ, ಇರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಆಮೇಲೆ ತೀವ್ರ ಮಧ್ಯಮ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಮಧ್ಯಮದ ಮೇಲೆ ನಿಂತು, ಅದು ಅಲುಗುತ್ತಾ ಕರಗುವ ತನಕ ಕಾಯುತ್ತಾರೆ. ಡೂಮ್ ಮೆಟಲ್ ಅನ್ನುವ ನಿಧಾನದ, ಭಾರದ ಮೆಟಲ್ ಇಡೀ ಆ ಕಾಯುವಿಕೆಯಿಂದ ಬಂದಿದ್ದು.

1986ರಲ್ಲಿ ಸ್ವೀಡನ್ನಿನ ಕ್ಯಾಂಡಲ್‌ಮಾಸ್ ಆ ನಿಧಾನಕ್ಕೆ ತುಂಬುಗಂಟಲಿನ ಹಾಡುಗಾರಿಕೆ ಸೇರಿಸಿತು. ಎಪಿಕ್ ಡೂಮ್ ಅನ್ನುವುದು ಅಲ್ಲಿಂದ. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಪ್ಯಾರಡೈಸ್ ಲಾಸ್ಟ್, ಮೈ ಡೈಯಿಂಗ್ ಬ್ರೈಡ್ ತರಹದ ಬ್ಯಾಂಡುಗಳು ಗುಡುಗುವ ದನಿಯ ದಾರಿ ಹಿಡಿದವು. ಅದೇ ಯಾರ್ಕ್‌ಷೈರ್‌ನ ರಿಚ್ ವಾಕರ್ ಕಟ್ಟಿದ ಸಾಲ್‌ಸ್ಟಿಸ್ ಮಾತ್ರ ಬಿಚ್ಚುದನಿಯನ್ನು ಬಿಡಲಿಲ್ಲ. 1994ರಲ್ಲಿ ‘ಲ್ಯಾಮೆಂಟೇಶನ್ಸ್’, 1998ರಲ್ಲಿ ‘ನ್ಯೂ ಡಾರ್ಕ್ ಏಜ್’. ಮುಂದಿನ ಪೂರ್ಣ ಆಲ್ಬಮ್ ಬಂದಿದ್ದು 2018ರಲ್ಲಿ, ನೀವು ಕೇಳುತ್ತಾ ತೂಕಡಿಸಿದ ‘ವೈಟ್ ಹಾರ್ಸ್ ಹಿಲ್’ ಅದೇ. ಇಪ್ಪತ್ತು ವರ್ಷ! ನಡುವೆ ಹಾಡುಗಾರರು ಬದಲಾದರು, ಸಂಗೀತದ ಫ್ಯಾಶನ್ ಎಷ್ಟೋ ಸಲ ಬದಲಾಯಿತು. ವಾಕರ್ ತನ್ನ ದಾರಿ ಬದಲಿಸಲಿಲ್ಲ. ನನಗೆ ಆ ಮನುಷ್ಯನ ಮೇಲೆ ದೊಡ್ಡ ಗೌರವ.

ಇನ್ನೊಂದು ಸಲ ಕೇಳುವಾಗ ಎರಡು ಗಿಟಾರುಗಳ ಮೇಲೆ ಕಿವಿ ಇಡಿ. ಒಂದು ಮುಂದೆ ಹೋದರೆ ಇನ್ನೊಂದು ಸ್ವಲ್ಪ ಮೇಲೆ ನಿಂತು ಅದೇ ದಾರಿಯಲ್ಲಿ ಜೊತೆಗೆ ನಡೆಯುತ್ತದೆ. ಆ ಎಳೆಗಳಲ್ಲಿ ಇಂಗ್ಲೆಂಡಿನ ಹಳ್ಳಿ ಹಾಡುಗಳ ಧಾಟಿ ಇದೆ. ಅದರ ಮೇಲೆ ಹಾಡುಗಾರ ಪಾಲ್ ಕರ್ನ್ಸ್ ದನಿ ತೆಗೆಯುತ್ತಾರೆ. ಕಿರುಚಾಟವಿಲ್ಲ, ಅಳುವೂ ಇಲ್ಲ. ಮೆಟಲ್ ಅಂದರೆ ಬರೀ ಗದ್ದಲ ಅನ್ನುವವರಿಗೆ ಅಲ್ಲಿ ಏನಿದೆ ಹೇಳಿ?

ಆಲ್ಬಮ್ಮಿನ ಹೆಸರಲ್ಲಿರುವ ಗುಡ್ಡದ ಕತೆಯನ್ನೂ ಕೇಳಿ. ಆಕ್ಸ್‌ಫರ್ಡ್‌ಷೈರ್‌ನ ಅಫಿಂಗ್‌ಟನ್ ಹತ್ತಿರ, ಹಸಿರು ಗುಡ್ಡದ ಮೇಲೆ ಸುಮಾರು 110 ಮೀಟರ್ ಉದ್ದದ ಬಿಳಿ ಕುದುರೆ ಇದೆ. ಹೆಚ್ಚು ಕಡಿಮೆ 3000 ವರ್ಷ ಹಳೆಯದು. ನೆಲವನ್ನು ಗೆರೆಯಾಗಿ ತೋಡಿ ಸೀಮೆಸುಣ್ಣದ ಕಲ್ಲು ತುಂಬಿದ್ದಾರೆ, ಅಷ್ಟೇ. ಸುಮ್ನೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹುಲ್ಲು ನುಂಗಿಬಿಡುತ್ತದೆ. ಅದಕ್ಕೇ ಜನ ಇವತ್ತಿಗೂ ಗುಡ್ಡ ಹತ್ತಿ, ಮಂಡಿಯೂರಿ ಕೂತು, ಹೊಸ ಸುಣ್ಣದಕಲ್ಲನ್ನು ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ಗೆರೆಗೆ ಕೂರಿಸುತ್ತಾರೆ. ಹಿಂದೆ ಈ ಕೆಲಸದ ಜೊತೆಗೆ ಜಾತ್ರೆಯೂ ನಡೆಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದೆಂದು ಕುದುರೆಯನ್ನು ಮುಚ್ಚಿದರು, ಯುದ್ಧ ಮುಗಿದ ಮೇಲೆ ಬಿಡಿಸಿದರು. ರಾಜರು ಹೋದರು, ಭಾಷೆಯೇ ಬದಲಾಯಿತು, ಕುಟ್ಟುವ ಕೆಲಸ ನಿಲ್ಲಲಿಲ್ಲ. ಇಂಥ ಗುಡ್ಡದ ಬಗ್ಗೆ ಮೂರು ನಿಮಿಷದ ಹಾಡು ಕಟ್ಟೋಕೆ ಆಗುತ್ತಾ?

ಈಗ ನಿಮ್ಮ ಮೇಲೆ ನನ್ನದೊಂದು ತಕರಾರು. ನೀವು ಜೋಶಿಯವರ ಅಭಿಮಾನಿ. ವಿಲಂಬಿತ ಏಕತಾಳದಲ್ಲಿ ಅವರು ಒಂದೊಂದೇ ಸ್ವರ ಬಿಡಿಸುವಾಗ ತಾಳದ ಸುತ್ತು ಮತ್ತೆ ಶುರುವಾಗುವ ಸಮ್ ಬರುವ ತನಕ ಉಸಿರು ಹಿಡಿದು ಕೂರುವವರು. ಅಂಥ ಕಿವಿ ಇರುವವರು ನಿಧಾನ ಅಂತ ದೂರಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ರಾಗಸಂಗೀತ ಬೇರೆ, ಡೂಮ್ ಬೇರೆ, ಗೊತ್ತು. ಆದರೆ ಎರಡೂ ಕೇಳುಗನಿಂದ ಮೊದಲು ಕೇಳುವುದು ಸಮಯವನ್ನೇ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಇಲ್ಲ ಅನ್ನಬೇಡಿ.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ಈಗ ಎಲ್ಲಾ ಕಡೆ ಇದೇ ಆಗಿದೆ. ರೀಲ್ಸ್‌ನಲ್ಲಿ ಪಲ್ಲವಿಯ ಒಂದು ತುಣುಕು ಕೇಳಿ ಹಾಡು ಗೊತ್ತು ಅನ್ನುತ್ತೇವೆ. ಸಿನಿಮಾ ಹಾಡಿನಲ್ಲಿ ಎರಡನೇ ಚರಣ ಕೇಳುವಷ್ಟು ವ್ಯವಧಾನವೂ ಇಲ್ಲ. ಯಕ್ಷಗಾನವನ್ನೇ ಕಾಲಮಿತಿಗೆ ಕಟ್ಟಿಹಾಕಿದ್ದೇವೆ. ನಮ್ಮ ಪತ್ರಿಕೆಗೂ ವಾರವಾರ ಸಲಹೆ ಬರುತ್ತದೆ: ಲೇಖನ ಚಿಕ್ಕದು ಮಾಡಿ, ಚಿತ್ರ ಜಾಸ್ತಿ ಹಾಕಿ, ಜನ ಓದಲ್ಲ. ಜನ ಓದುತ್ತಾರೆ ಅಂತ ನಾನು ನಂಬಿದ್ದೇನೆ. ನಾಲ್ಕು ಪುಟ ಓದಿ ಜಗಳಕ್ಕೆ ಬಂದ ನೀವೇ ಅದಕ್ಕೆ ಸಾಕ್ಷಿ.

ನಮ್ಮವರ ಬಗ್ಗೆ ಬರೆಯಿರಿ ಅಂದಿರಿ. ಖಂಡಿತ ಬರೆಯುತ್ತೇವೆ. ಬೇವರ್ ಸೀ, ಜಿನ್ ಅಂಡ್ ಮಿಸ್ಕಟಾನಿಕ್, ಎರಡೂ ಬೆಂಗಳೂರಿನ ಡೂಮ್ ಬ್ಯಾಂಡುಗಳೇ. ಇವರ ಬಗ್ಗೆ ಕನ್ನಡದಲ್ಲಿ ಸರಿಯಾದ ಒಂದು ಲೇಖನ ಬರಲೇಬೇಕು.

ಅಲ್ಲಿಯ ತನಕ ಇದೇ ಆಲ್ಬಮ್ಮಿಗೆ ಇನ್ನೊಂದು ಸಂಜೆ ಕೊಡಿ. ಊಟಕ್ಕೆ ಮೊದಲು ಕೇಳಿ, ಹೊಟ್ಟೆ ತುಂಬಿದ ಮೇಲೆ ಬೇಡ. ಮೊಬೈಲ್ ಸ್ಪೀಕರಿನಲ್ಲಿ ಬೇಡವೇ ಬೇಡ, ಮಗನ ಹೆಡ್‌ಫೋನ್ ಇಸ್ಕೊಳ್ಳಿ. ನಡುವಿನ ಶೀರ್ಷಿಕೆ ಹಾಡಿನಿಂದ ಶುರು ಮಾಡಿ, ಕೊನೆಯ ‘ಗ್ಯಾಲೋ ಫೆನ್’ ತನಕ ಎದ್ದು ಹೋಗಬೇಡಿ. ಆಮೇಲೂ ಹಿಡಿಸದಿದ್ದರೆ ಯಾಕೆ ಅಂತ ಬರೆದು ಕಳಿಸಿ. ಎಷ್ಟೇ ಉದ್ದ ಇರಲಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇವೆ.