ಜನರೇಟಿವ್ ಎಐ ಕಲಿಯೋಕೆ ಮೊದಲು ಗಣಿತ ಮುಗಿಸಬೇಕಾ, ಸರ್ಟಿಫಿಕೇಟ್ ಕೋರ್ಸ್ ಸೇರಬೇಕಾ?

ಮೆಕ್ಯಾನಿಕಲ್ ಓದಿ, ಮೇಂಟೆನೆನ್ಸ್‌ನಲ್ಲಿ ಎಂಟು ವರ್ಷ ದುಡಿದು, ಈಗ ಗಣಿತವಾ ಕೋರ್ಸಾ ಅಂತ ಯೋಚಿಸುತ್ತಿದ್ದೀರಿ. ನಾನೂ ಅಲ್ಲೇ ಇದ್ದೆ. ನಾನು ಪಂಪ್‌ಗಳ ಸರ್ವಿಸ್ ಎಂಜಿನಿಯರ್. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಮ್ಮ ಆಫೀಸಿನಲ್ಲೂ ಎಲ್ಲರ ಬಾಯಲ್ಲಿ ಅದೇ ಮಾತು. "ನಮ್ಮ ಸರ್ವಿಸ್ ಮ್ಯಾನುಯಲ್‌ಗಳನ್ನೆಲ್ಲ ಇದಕ್ಕೆ ಕೊಟ್ಟರೆ ಟೆಕ್ನಿಷಿಯನ್‌ಗಳು ಫೋನಿನಲ್ಲೇ ಕೇಳಿ ತಿಳ್ಕೋಬಹುದು ಅಲ್ವಾ?" ಅಂದರು ಮ್ಯಾನೇಜರ್. ನಾನು ಮಾಡ್ತೀನಿ ಅಂತ ಒಪ್ಪಿಕೊಂಡೆ.

ಅದಕ್ಕೂ ಮೊದಲು ಲೀನಿಯರ್ ಆಲ್ಜೀಬ್ರಾ ಪುಸ್ತಕ ಹಿಡಿದು ಕೂತಿದ್ದೆ. ಐಗನ್ ವ್ಯಾಲ್ಯೂ ತನಕ ಹೋಗಿ ಬಿಟ್ಟೆ. ಕೆಲಸ ಶುರುವಾದ ಮೇಲೆ ಅದು ಬೇಕಾಗಲೇ ಇಲ್ಲ. ಬೇಕಾದ ತಿಳುವಳಿಕೆ ಇಷ್ಟೇ: ಚಾಟ್‌ಜಿಪಿಟಿಯಂಥವುಗಳ ಒಳಗಿರುವ ಭಾಷೆಯ ಎಂಜಿನ್, ಅಂದರೆ ಮಾಡೆಲ್, ಪಠ್ಯವನ್ನು ಟೋಕನ್ ಎಂಬ ಸಣ್ಣ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಮುಂದಿನ ಟೋಕನ್ ಯಾವುದಿರಬಹುದು ಅಂತ ಪ್ರತಿಯೊಂದಕ್ಕೂ ಒಂದು ಸಂಭವನೀಯತೆ ಲೆಕ್ಕ ಹಾಕುತ್ತದೆ. ಒಂದನ್ನು ಆರಿಸಿ, ಕೊನೆಗೆ ಸೇರಿಸಿ, ಮತ್ತೆ ಅದೇ ಲೆಕ್ಕ. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ರಚನೆ ಇದರ ಬುನಾದಿ. 2020ರ ಜಿಪಿಟಿ-3 ಎಂಬ ಮಾಡೆಲ್‌ನಲ್ಲಿ 17,500 ಕೋಟಿ ಪ್ಯಾರಾಮೀಟರ್‌ಗಳು, ಅಂದರೆ ತರಬೇತಿಯಲ್ಲಿ ಹೊಂದಿಸಿದ ಸಂಖ್ಯೆಗಳು, ಇದ್ದವು. ಆದರೂ ಅದು ಮಾಡುತ್ತಿದ್ದುದು ಇದೇ ಕೆಲಸ.

ಮಾಡೆಲ್ ನಮ್ಮ ಮ್ಯಾನುಯಲ್ ಓದಿರಲಿಲ್ಲ. ಹಾಗಾಗಿ ನಾನು ರ್‍ಯಾಗ್ ಕಟ್ಟಿದೆ. ರಿಟ್ರೀವಲ್ ಆಗ್ಮೆಂಟೆಡ್ ಜನರೇಶನ್ ಎಂಬುದರ ಚಿಕ್ಕ ಹೆಸರು ಅದು. ಅಂದರೆ ಮ್ಯಾನುಯಲ್ ಅನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಎಂಬೆಡಿಂಗ್, ಅಂದರೆ ಅರ್ಥವನ್ನು ಹಿಡಿದಿಡುವ ಸಂಖ್ಯೆಗಳ ಒಂದು ಸಾಲು, ತಯಾರಿಸಿ ಇಡೋದು. ಪ್ರಶ್ನೆ ಬಂದಾಗ ಅದಕ್ಕೆ ಹತ್ತಿರವಾದ ತುಂಡುಗಳನ್ನು ಹುಡುಕಿ, ಪ್ರಶ್ನೆಯ ಜೊತೆ ಮಾಡೆಲ್‌ಗೆ ಕೊಡೋದು. ಡೆಮೋ ಚೆನ್ನಾಗಿ ಬಂತು. ಉತ್ತರಗಳು ನಮ್ಮ ಸೀನಿಯರ್ ಫೋರ್‌ಮನ್ ಹೇಳಿದ ಹಾಗೇ ಇದ್ದವು. ಎಲ್ಲರೂ ಮೆಚ್ಚಿದರು.

ಸೈಟ್‌ನಲ್ಲಿ ಒಬ್ಬ ಟೆಕ್ನಿಷಿಯನ್ ಎಂ10 (10 ಮಿ.ಮೀ. ದಪ್ಪದ) ಬೋಲ್ಟ್‌ಗೆ ಟಾರ್ಕ್, ಅಂದರೆ ಬಿಗಿಯುವ ತಿರುಚು ಬಲ, ಎಷ್ಟು ಅಂತ ಕೇಳಿದರು. ಅದು ಎಂ12ರ ಟಾರ್ಕ್ ಹೇಳಿತು. 8.8 ಗ್ರೇಡ್ ಬೋಲ್ಟ್‌ನಲ್ಲಿ ಎಂ10ಕ್ಕೆ ಸುಮಾರು 50 ನ್ಯೂಟನ್ ಮೀಟರ್ ಇದ್ದರೆ ಎಂ12ಕ್ಕೆ 80ರ ಆಸುಪಾಸು. ಅವರು ಟಾರ್ಕ್ ರೆಂಚ್‌ನಲ್ಲಿ ಆ ಸಂಖ್ಯೆಯನ್ನೇ ಸೆಟ್ ಮಾಡಿ ಬಿಗಿದರು. ಬೋಲ್ಟ್ ಕೇಸಿಂಗ್ ಒಳಗೇ ತುಂಡಾಯಿತು. ಪಂಪ್ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ.

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ಬೆಲೆ ತೆತ್ತವನು ನಾನು. ಎಲ್ಲರಂತೆ ನಾನೂ ದೂಷಿಸಿದ್ದು ಮಾಡೆಲ್ ಅನ್ನು. ಮೊದಲು ಟೆಂಪರೇಚರ್, ಅಂದರೆ ಟೋಕನ್ ಆರಿಸುವಾಗ ಎಷ್ಟು ಅದೃಷ್ಟಕ್ಕೆ ಬಿಡಬೇಕು ಅನ್ನುವ ಸೆಟ್ಟಿಂಗ್, ಸೊನ್ನೆಗೆ ಇಳಿಸಿದೆ. ಆಗ ಅದೇ ತಪ್ಪು ಉತ್ತರ ಪ್ರತಿ ಸಲವೂ ಬಂತು, ಅಷ್ಟೇ. ಟೆಂಪರೇಚರ್ ಇಳಿಸಿದರೆ ಉತ್ತರ ಬದಲಾಗೋದು ಕಮ್ಮಿಯಾಗುತ್ತದೆ, ಸರಿಯಾಗುತ್ತದೆ ಅಂತೇನಿಲ್ಲ. ಆಮೇಲೆ "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು" ಅಂತ ಪ್ರಾಂಪ್ಟ್‌ನಲ್ಲಿ, ಅಂದರೆ ಮಾಡೆಲ್‌ಗೆ ಕೊಡುವ ಸೂಚನೆಯಲ್ಲಿ, ಬರೆದೆ. ಆಮೇಲೆ ದೊಡ್ಡ ಮಾಡೆಲ್‌ಗೆ ಬದಲಾಯಿಸಿದೆ. ಬಿಲ್ ಏರಿತು. ಟಾರ್ಕ್ ಮಾತ್ರ ಅದೇ.

ಇಷ್ಟೆಲ್ಲ ಮಾಡುವಾಗ ಒಂದು ಕೆಲಸ ಮಾತ್ರ ಮಾಡಿರಲಿಲ್ಲ. ಮಾಡೆಲ್‌ಗೆ ನಿಜವಾಗಿ ಹೋಗುತ್ತಿದ್ದ ಪಠ್ಯವನ್ನು ಪ್ರಿಂಟ್ ಮಾಡಿ ನೋಡಿರಲಿಲ್ಲ. ಒಂದೇ ಒಂದು ಸಾಲಿನ ಕೋಡ್ ಅದು. ಕೊನೆಗೆ ನೋಡಿದಾಗ ಎಲ್ಲ ಅರ್ಥವಾಯಿತು. ಮ್ಯಾನುಯಲ್‌ನ ಟಾರ್ಕ್ ಕೋಷ್ಟಕ ಎರಡು ಪುಟಕ್ಕೆ ಹರಡಿತ್ತು. ಎಂ10, ಎಂ12, ಎಂ16 ಎಂಬ ತಲೆಬರಹ ಮೊದಲ ಪುಟದಲ್ಲಿ. ಎರಡನೇ ಪುಟದಲ್ಲಿ ಬರೀ ಸಂಖ್ಯೆಗಳು. ನಾನು ಪಿಡಿಎಫ್ ಅನ್ನು ಅಳತೆ ನೋಡಿ ಸಮನಾಗಿ ಕತ್ತರಿಸಿದ್ದೆ. ತಲೆಬರಹ ಒಂದು ತುಂಡಿಗೆ ಹೋಗಿತ್ತು, ಸಂಖ್ಯೆಗಳು ಇನ್ನೊಂದಕ್ಕೆ. ಮಾಡೆಲ್ ಕೈಗೆ ಸಿಕ್ಕಿದ್ದು ಹೆಸರಿಲ್ಲದ ಸಂಖ್ಯೆಗಳ ರಾಶಿ. ಅದರಲ್ಲಿ ಒಂದನ್ನು ಆರಿಸಿ ಒಳ್ಳೆಯ ವಾಕ್ಯದಲ್ಲಿ ಕೂರಿಸಿ ಕೊಟ್ಟಿತು. ಆ ಕಾಗದವನ್ನು ನಿಮ್ಮ ಕೈಗೆ ಕೊಟ್ಟಿದ್ದರೆ "ಇದರ ಹೆಡಿಂಗ್ ಎಲ್ಲಿ?" ಅಂತ ಮೊದಲು ಕೇಳುತ್ತಿದ್ದಿರಿ. ಮಾಡೆಲ್ ಕೇಳಲಿಲ್ಲ.

ಸರಿಪಡಿಸೋದು ಕಷ್ಟವಿರಲಿಲ್ಲ. ಕೋಷ್ಟಕದ ಪ್ರತಿ ಸಾಲನ್ನೂ ಬೋಲ್ಟ್ ಸೈಜ್, ಗ್ರೇಡ್, ಟಾರ್ಕ್ ಮೂರೂ ಇರುವ ಒಂದೊಂದು ಪೂರ್ತಿ ವಾಕ್ಯವಾಗಿ ಬರೆದಿಟ್ಟರೆ ಮುಗಿಯಿತು. ಆದರೆ ಅಷ್ಟರಲ್ಲಿ ಈ ಪ್ರಾಯೋಗಿಕ ಬಳಕೆ ನಿಂತಿತ್ತು. ಟೆಕ್ನಿಷಿಯನ್‌ಗಳ ನಂಬಿಕೆ ಹೋಗಿತ್ತು. ಅದು ಹೋದ ಮೇಲೆ ಕೋಡ್ ಸರಿ ಮಾಡಿ ಏನು ಪ್ರಯೋಜನ?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಗಣಿತವೂ ಅಲ್ಲ, ಕೋರ್ಸೂ ಅಲ್ಲ. ನಿಮ್ಮ ಯಂತ್ರಗಳ ಬಗ್ಗೆ ಐವತ್ತು ಪ್ರಶ್ನೆ ಬರೆಯಿರಿ. ಸರಿಯಾದ ಉತ್ತರ, ಅದು ಯಾವ ಪುಟದಲ್ಲಿದೆ ಅನ್ನೋದನ್ನೂ ಬರೆಯಿರಿ. ಕೋಡ್‌ಗೂ ಮೊದಲು ಇದು. ಸರಿ ಉತ್ತರ ಯಾವುದು ಅಂತ ಗೊತ್ತಿರೋದೇ ನಿಮ್ಮ ಬಲ. ಸಾಫ್ಟ್‌ವೇರ್ ಹುಡುಗರ ಹತ್ತಿರ ಅದಿಲ್ಲ. ಏನೇ ಬದಲಾಯಿಸಿದರೂ ಆ ಐವತ್ತನ್ನೂ ಮತ್ತೆ ಓಡಿಸಿ. ಉತ್ತರ ತಪ್ಪಾದರೆ ಮೊದಲು ನೋಡಬೇಕಾದ್ದು ಸರಿಯಾದ ತುಂಡು ಸಿಕ್ಕಿತ್ತಾ ಅಂತ. ಮಾಡೆಲ್ ಆಮೇಲೆ. ಫೈನ್ ಟ್ಯೂನಿಂಗ್, ಅಂದರೆ ಮಾಡೆಲ್‌ಗೇ ಮತ್ತಷ್ಟು ತರಬೇತಿ ಕೊಡುವ ಕೆಲಸದ ತಂಟೆಗೆ ಈಗ ಹೋಗಲೇಬೇಡಿ.

ನಿಮ್ಮ ಆಪರೇಟರ್‌ಗಳು ಕನ್ನಡದಲ್ಲಿ ಕೇಳುವವರಾದರೆ ಕನ್ನಡ ಪ್ರಶ್ನೆಗಳನ್ನೂ ಆ ಪಟ್ಟಿಗೆ ಸೇರಿಸಿ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಕನ್ನಡ ಎಂಬ ಪುಟ್ಟ ಪದದಲ್ಲೇ ಐದು ಸಂಕೇತ (ಕ, ನ, ಒತ್ತಕ್ಷರ ಮಾಡುವ ಚಿಹ್ನೆ, ನ, ಡ), ಅಂದರೆ 15 ಬೈಟ್. ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಹಳೆಯ ಟೋಕನೈಸರ್‌ಗಳು ಇದನ್ನು ಪುಡಿಪುಡಿ ಮಾಡುತ್ತಿದ್ದವು, ಹಾಗಾಗಿ ಖರ್ಚೂ ಜಾಸ್ತಿ. ಹೊಸವು ಎಷ್ಟೋ ವಾಸಿ. ಆದರೂ ಇಂಗ್ಲಿಷ್ ಮ್ಯಾನುಯಲ್‌ನಲ್ಲಿ ಕನ್ನಡ ಪ್ರಶ್ನೆಗೆ ಸರಿಯಾದ ತುಂಡು ಸಿಗುತ್ತದೆ ಅಂತ ಸುಮ್ನೆ ನಂಬಬೇಡಿ.

ಒಳಗಿನದನ್ನು ತಿಳಿಯಬೇಕು ಅನ್ನಿಸಿದಾಗ ಎಐ ಸಂಶೋಧಕ ಆಂಡ್ರೇ ಕರ್ಪಾಥಿಯವರ ನ್ಯಾನೋಜಿಪಿಟಿ ಎಂಬ ಪುಟ್ಟ ಮಾಡೆಲ್‌ನ ಕೋಡ್ ನೋಡಿ. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಉಚಿತ. ಮುಖ್ಯವಾಗಿ ಎರಡು ಫೈಲ್, ತಲಾ ಸುಮಾರು 300 ಸಾಲು. ಓದುತ್ತಾ ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಷ್ಟು ಗಣಿತ ಆಗ ಕಲಿಯಿರಿ. ಜಿಪಿಯು (ಮಾಡೆಲ್‌ನ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್) ಇರುವ ಲ್ಯಾಪ್‌ಟಾಪ್ ಬೇಕಾ ಅಂತಲೂ ಕೇಳಿದ್ದೀರಿ. ಬೇಡ, ಈಗಿನದೇ ಸಾಕು. ಸಣ್ಣ ಪ್ರಯೋಗಕ್ಕೆ, ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೋಲ್ಯಾಬ್‌ನ ಉಚಿತ ಜಿಪಿಯು ಇದೆ. ಸರ್ಟಿಫಿಕೇಟ್‌ಗೆ ಕಂಪನಿ ದುಡ್ಡು ಕೊಟ್ಟರೆ ಸೇರಿ, ಇಲ್ಲದಿದ್ದರೆ ನಿಮ್ಮ ಕೈಯಿಂದ ಒಂದು ರೂಪಾಯಿಯೂ ಹಾಕಬೇಡಿ.